ಬಂದರಿನಲ್ಲಿ ಒಂದು ಹಗಲು

ಕಳೆದ ನವರಾತ್ರಿಯ ರಜದಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಕುಂದಾಪುರ ತಾಲ್ಲೂಕಿನವನು, ಶಾಲೆಯಲ್ಲಿದ್ದಾಗ ಹಳಗನ್ನಡ ಪದ್ಯಗಳನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ ಹುಡುಗ. ಈಗ ಪರದೇಶದ ದೊಡ್ಡ ವಿಹಾರನೌಕೆಯೊಂದರ ಅಡುಗೆಮನೆಯಲ್ಲಿ ಅವನಿಗೆ ಕೆಲಸ. ಕಾಫಿ ಕುಡಿಯುತ್ತ ಮಾತಿನ ನಡುವೆ ಅವನೆಂದ: “ಮಾಷ್ಟ್ರೇ, ಗ್ರೀಸಿನ ಪಿರೇಯಸ್ ಬಂದರಿಗೆ ನಾನು ಮೂವತ್ತು ಸಲವಾದರೂ ಹೋಗಿದ್ದೇನೆ. ಅಥೆನ್ಸನ್ನು ನೋಡಿದ್ದು ಒಂದೇ ಸಲ, ಅದೂ ಅರ್ಧ. ಹಡಗು ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ನಮಗೆ ಬಿಡುವು ಸಿಕ್ಕುವುದು ಎರಡು ಗಂಟೆ, ಮೂರು ಗಂಟೆ. ಅಷ್ಟರಲ್ಲಿ ನೋಡತಕ್ಕದ್ದು ಏನಿದೆ ಅಲ್ಲಿ? ನೀವೇ ಹೇಳಿ.”

ನಾನು ಆ ಊರನ್ನು ಕಂಡವನಲ್ಲ. ಯವನರ ಸಂಗತಿಯನ್ನು ಪುಸ್ತಕಗಳಿಂದ ತಿಳಿದವನು. ಆದರೂ ಶಿಷ್ಯನ ಪ್ರಶ್ನೆಗೆ ಮೇಷ್ಟ್ರಾದವನು ಬರಿಗೈಯಲ್ಲಿ ಉತ್ತರ ಕೊಡಲಾದೀತೆ? ನಾಲ್ಕು ದಿನ ಪುಸ್ತಕಗಳನ್ನು ತಿರುವಿಹಾಕಿದೆ. ಹಾಗೆ ಹುಡುಕುವಾಗ ಹೊಳೆದದ್ದು ಇದು: ಅವನ ಪ್ರಶ್ನೆ ಹೊಸದೇನೂ ಅಲ್ಲ. ಹಡಗಿನಿಂದ ಇಳಿದು, ಹಡಗು ಹೊರಡುವುದರೊಳಗೆ ಊರು ನೋಡಬೇಕೆನ್ನುವವನ ಕಷ್ಟ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಆ ಕಥೆಯನ್ನೇ ಓದುಗರಾದ ತಮ್ಮ ಮುಂದೆ ಇಡುತ್ತೇನೆ. ತಮ್ಮಲ್ಲಿ ಯಾರಾದರೂ ಮಕ್ಕಳ ಜೊತೆಗೆ ಅಂಥ ಹಡಗನ್ನೇರುವ ಸಂದರ್ಭ ಬಂದರೆ ಉಪಯೋಗಕ್ಕೂ ಬಂದೀತು.

ಮೊದಲು ನೆಲದ ಪರಿಚಯ. ಅಥೆನ್ಸು ಕಡಲಿಗೆ ಅಂಟಿಕೊಂಡ ಊರಲ್ಲ. ಅಕ್ರೊಪೊಲಿಸ್ ಎಂಬ ಬಂಡೆಗುಡ್ಡದ ಸುತ್ತ ಬೆಳೆದ ನಗರ ಅದು. ಅದರ ರೇವು ಪಿರೇಯಸ್, ನೈಋತ್ಯಕ್ಕೆ ಹತ್ತು ಕಿಲೋಮೀಟರಿನೊಳಗಿನ ದೂರದಲ್ಲಿದೆ. ಮೊದಲು ಅಥೆನ್ಸಿನವರು ಫಲೆರಾನ್ ಎಂಬ ತೆರೆದ ಕರಾವಳಿಯಲ್ಲಿ ಹಡಗುಗಳನ್ನು ಎಳೆದಿಡುತ್ತಿದ್ದರು. ಪಿರೇಯಸ್ಸಿನ ಮೂರು ಸಹಜವಾದ ರೇವುಗಳ ಬೆಲೆಯನ್ನು ಅರಿತು, ಕ್ರಿ. ಪೂ. 493ರ ಸುಮಾರಿಗೆ ಅಲ್ಲಿ ಕೋಟೆ ಕಟ್ಟಿಸಲು ಮೊದಲು ಮಾಡಿದವನು ಥೆಮಿಸ್ಟೊಕ್ಲಿಸ್. ಆ ಮೇಲೆ ಮಿಲೆಟಸ್ಸಿನ ಹಿಪ್ಪೊಡಾಮಸ್ ಎಂಬ ಸ್ಥಪತಿ ಅಲ್ಲಿ ಪಗಡೆಯ ಹಾಸಿನಂತೆ ನೇರವಾದ ಬೀದಿಗಳ ಪಟ್ಟಣವನ್ನು ಹಾಕಿಕೊಟ್ಟ. ಕ್ರಿ. ಪೂ. 5ನೆಯ ಶತಮಾನದ ನಡುವೆ ಊರಿಗೂ ರೇವಿಗೂ ನಡುವೆ ಉದ್ದನೆಯ ಗೋಡೆಗಳೆದ್ದವು. ನೆಲದ ಮೇಲೆ ಶತ್ರು ಮುತ್ತಿದರೂ ಕಡಲಿನಿಂದ ಅನ್ನ ಬರಲೆಂಬುದು ಅವುಗಳ ಉದ್ದೇಶ. ಕ್ರಿ. ಪೂ. 404ರಲ್ಲಿ ಸ್ಪಾರ್ಟಾದವರು ಗೆದ್ದಾಗ ಆ ಗೋಡೆಗಳನ್ನು ಕೊಳಲಿನ ವಾದ್ಯದೊಡನೆ ಕೆಡವಿದರಂತೆ. ಹತ್ತು ವರ್ಷದ ಬಳಿಕ ಕೊನೊನ್ ಮತ್ತೆ ಕಟ್ಟಿಸಿದ. ಇಂದು ಬಂದರಿನಿಂದ ನಗರಕ್ಕೆ ಹೋಗುವ ಯಾತ್ರಿಕ ಹೆಚ್ಚುಕಡಮೆ ಆ ಗೋಡೆಗಳ ದಾರಿಯಲ್ಲೇ ಹೋಗುತ್ತಾನೆ. ಆದರೆ ಅವನಿಗೆ ಅದನ್ನು ಹೇಳುವವರು ಕಡಮೆ.

ಒಂದು ಸ್ವಾರಸ್ಯವುಂಟು. ಇಂದು ಎಲ್ಲರೂ ರೇವಿನಿಂದ ಊರಿಗೆ ಏರುತ್ತಾರೆ. ಹಿಂದೆ ಊರಿನವರೇ ನೋಡಲೆಂದು ರೇವಿಗೆ ಇಳಿಯುತ್ತಿದ್ದರು. ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಆರಂಭವೇ ಅಂಥದೊಂದು ಪ್ರಯಾಣ. ಹೊಸದಾಗಿ ನಡೆದ ದೇವಿಯ ಜಾತ್ರೆಯನ್ನು ನೋಡಲು ಸಾಕ್ರೆಟಿಸನು ಗ್ಲಾಕೊನನೊಡನೆ ಪಿರೇಯಸ್ಸಿಗೆ ಹೋಗಿರುತ್ತಾನೆ. ಮೆರವಣಿಗೆ ನೋಡಿ ಹಿಂದಿರುಗುವಾಗ ಗೆಳೆಯರು ತಡೆಯುತ್ತಾರೆ. ಸಂಜೆಗೆ ಕುದುರೆಯ ಮೇಲೆ ಪಂಜು ಹಿಡಿದು ಓಡುವ ಪಂದ್ಯವಿದೆ, ನೋಡಿಕೊಂಡು ಹೋಗೆಂದು ಆಸೆ ತೋರಿಸುತ್ತಾರೆ. ಅಲ್ಲೇ ಒಂದು ಮನೆಯಲ್ಲಿ ಕುಳಿತರು, ಮಾತು ಬೆಳೆಯಿತು, ನ್ಯಾಯವೆಂದರೇನು ಎಂಬ ಚರ್ಚೆ ಹತ್ತು ಅಧ್ಯಾಯಗಳಷ್ಟಾಯಿತು. ಪಂಜಿನ ಪಂದ್ಯವನ್ನು ನೋಡಿದರೋ ಇಲ್ಲವೋ, ಪುಸ್ತಕದಲ್ಲಿ ಮತ್ತೆ ಅದರ ಸುದ್ದಿಯೇ ಇಲ್ಲ! ಕಾಯುವ ಹಡಗಿಲ್ಲದವನ ಭಾಗ್ಯ ಅದು.

ಕ್ರಿ. ಶ. 2ನೆಯ ಶತಮಾನದಲ್ಲಿ ಪಾಸೇನಿಯಸ್ ಎಂಬಾತ ಗ್ರೀಸಿನ ವರ್ಣನೆಯನ್ನು ಹತ್ತು ಸಂಪುಟಗಳಲ್ಲಿ ಬರೆದ. ಮಾರ್ಗದರ್ಶಿ ಪುಸ್ತಕಗಳ ಮೂಲಪುರುಷನೆಂದು ಅವನನ್ನು ಹೇಳಬಹುದು. ಆ ಗ್ರಂಥ ಅಕ್ರೊಪೊಲಿಸ್ಸಿನಿಂದ ಮೊದಲಾಗುವುದಿಲ್ಲ. ಹಡಗಿನ ಮೇಲಿಂದ ಮೊದಲಾಗುತ್ತದೆ. ಸೂನಿಯನ್ ಭೂಶಿರ ಕಾಣುತ್ತದೆ, ಅದನ್ನು ದಾಟಿದರೆ ಲಾರಿಯನ್ನಿನ ಬೆಳ್ಳಿಯ ಗಣಿಗಳ ಸೀಮೆ, ಆಮೇಲೆ ಪಿರೇಯಸ್. ಅಲ್ಲಿ ಇಳಿದವನು ಕೂಡಲೆ ಊರಿಗೆ ಓಡುವುದಿಲ್ಲ. ರೇವುಗಳನ್ನು ಎಣಿಸುತ್ತಾನೆ, ಥೆಮಿಸ್ಟೊಕ್ಲಿಸನ ಸಮಾಧಿಯ ಮಾತೆತ್ತುತ್ತಾನೆ, ಅಲ್ಲಿನ ದೇವಾಲಯಗಳನ್ನು ನೋಡುತ್ತಾನೆ. ದಾರಿಯುದ್ದಕ್ಕೂ ಗೋಡೆಯ ಅವಶೇಷಗಳನ್ನೂ ಕವಿಗಳ ಸಮಾಧಿಗಳನ್ನೂ ಗುರುತಿಸುತ್ತ ನಿಧಾನವಾಗಿ ಮೇಲಕ್ಕೆ ಬರುತ್ತಾನೆ. ಈ ಕ್ರಮವನ್ನು ತಾವು ನೆನಪಿನಲ್ಲಿಡಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಅದೇ ಕಾಲದ್ದೆಂದು ಹೇಳುವ ಇನ್ನೊಂದು ಗ್ರೀಕ್ ಬರೆಹದ ಪ್ರಸ್ತಾಪವನ್ನು ಕನ್ನಡ ಪಂಡಿತನಾದ ನಾನು ಬಿಡಲಾರೆ. ಈಜಿಪ್ಟಿನ ಆಕ್ಸಿರಿಂಕಸ್ಸಿನ ಮಣ್ಣಿನಲ್ಲಿ ಸಿಕ್ಕಿದ ಪಪೈರಸ್ ಹಾಳೆಯೊಂದರಲ್ಲಿ ಒಂದು ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಟಿಯಾನ್ ಎಂಬ ಗ್ರೀಕ್ ತರುಣಿಯನ್ನು ಬಿಡಿಸಲು ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ಅಲ್ಲಿಯ ರಾಜನಿಗೂ ಅವನ ಪರಿವಾರಕ್ಕೂ ಮದ್ಯ ಕುಡಿಸಿ, ಅವರು ಮೈಮರೆತಾಗ ತಂಗಿಯೊಡನೆ ಹಡಗನ್ನೇರಿ ಹೊರಟುಬಿಡುತ್ತಾನೆ. ಅದರಲ್ಲಿ ಆ ರಾಜ ಆಡುವ ಅರ್ಥವಾಗದ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಸೂಚಿಸಿದರು. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ವಾದವನ್ನು ಬೆಳೆಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ತುಳುವೆನ್ನುವವರಿದ್ದಾರೆ, ಬರಿಯ ನಗೆಮಾತೆನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ. ನಮ್ಮ ಕಡಲ ತೀರದಲ್ಲಿ ಇಳಿದ ಯವನರನ್ನು ಆ ನಾಟಕಕಾರ ಹೇಗೆ ಕಂಡನೆಂಬುದಷ್ಟೇ ನನಗೆ ಬೇಕಾದದ್ದು: ಕಾಲು ಮರಳಿನ ಮೇಲೆ, ಕಣ್ಣು ಹಡಗಿನ ಮೇಲೆ.

ಮತ್ತೆ ಪಿರೇಯಸ್ಸಿಗೆ ಬರೋಣ. ಕ್ರಿ. ಪೂ. 86ರಲ್ಲಿ ರೋಮಿನ ಸುಲ್ಲ ಅದನ್ನು ಸುಟ್ಟಿದ್ದ. ಪಾಸೇನಿಯಸ್ ಕಂಡದ್ದೇ ಉಳಿದ ಚೂರು. ನಡುಗಾಲದಲ್ಲಿ ಊರಿನ ಹೆಸರೂ ಮಾಸಿತು. ರೇವಿನ ಬಳಿ ನಿಂತಿದ್ದ ಅಮೃತಶಿಲೆಯ ದೊಡ್ಡ ಸಿಂಹವೊಂದರಿಂದಾಗಿ ಇಟಲಿಯ ನಾವಿಕರು ಅದನ್ನು ಪೋರ್ತೊ ಲಿಯೋನೆ, ಅಂದರೆ ಸಿಂಹದ ಬಂದರು, ಎಂದರು. ಉತ್ತರದ ಸ್ಕಾಂಡಿನೇವಿಯದಿಂದ ಬಂದ ಸಿಪಾಯಿಗಳು 11ನೆಯ ಶತಮಾನದಲ್ಲಿ ಆ ಸಿಂಹದ ಮೈಮೇಲೆ ತಮ್ಮ ರೂನ್ ಲಿಪಿಯಲ್ಲಿ ಬರೆಹ ಕೊರೆದುಹೋದರು. ನಮ್ಮ ಹಂಪೆಯ ಕಂಬಗಳ ಮೇಲೆ ಹೆಸರು ಗೀಚುವ ಹುಡುಗರನ್ನು ನಾನು ಗದರಿಸಿದ್ದುಂಟು. ಅವರ ವಂಶ ಇಷ್ಟು ಪ್ರಾಚೀನವೆಂದು ಆಗ ತಿಳಿದಿರಲಿಲ್ಲ. 1687ರಲ್ಲಿ ವೆನಿಸ್ಸಿನ ಸೇನಾಪತಿ ಮೊರೊಸಿನಿ ಬಂದ. ಅವನ ಸೇನೆಯ ಗುಂಡು ಪಾರ್ಥೆನಾನ್ ಗುಡಿಯಲ್ಲಿ ತುರ್ಕರು ತುಂಬಿಟ್ಟಿದ್ದ ಮದ್ದಿಗೆ ತಗುಲಿ ಗುಡಿಯ ನಡುಭಾಗ ಸಿಡಿದುಹೋಯಿತು. ಹೋಗುವಾಗ ಆತ ಸಿಂಹವನ್ನೂ ಹಡಗಿಗೆ ಹೇರಿಸಿದ. ಅದು ಇಂದಿಗೂ ವೆನಿಸ್ಸಿನ ನೌಕಾಗಾರದ ಬಾಗಿಲಲ್ಲಿದೆ. ಪಿರೇಯಸ್ಸಿನಲ್ಲಿ ನಿಲ್ಲಿಸಿರುವುದು ಅದರ ಪ್ರತಿಕೃತಿ.

ಈ ತನಕ ಬಂದವರು ವರ್ತಕರು, ಭಕ್ತರು, ಸೈನಿಕರು. ಬರಿಯ ನೋಟಕ್ಕಾಗಿ, ಕಂಪೆನಿಯ ಹಡಗಿನಲ್ಲಿ, ಗಡಿಯಾರವನ್ನು ಜೇಬಿನಲ್ಲಿಟ್ಟುಕೊಂಡು ಬಂದವರ ಕಾಲ ಉಗಿಹಡಗಿನಿಂದ ಆರಂಭ. 1844ರಲ್ಲಿ ಇಂಗ್ಲೆಂಡಿನ ಪಿ ಅಂಡ್ ಓ ಕಂಪೆನಿಯವರು ಕಾದಂಬರಿಕಾರ ಥ್ಯಾಕರೆಗೆ ಪುಕ್ಕಟೆ ಟಿಕೆಟ್ಟು ಕೊಟ್ಟು ಮೆಡಿಟರೇನಿಯನ್ ಸುತ್ತಿಸಿದರು. ಅಥೆನ್ಸು ಆಗ ಗ್ರೀಕ್ ರಾಜ್ಯದ ರಾಜಧಾನಿಯಾಗಿ ಹತ್ತೇ ವರ್ಷವಾಗಿತ್ತು. ಥ್ಯಾಕರೆ ಅಲ್ಲಿಳಿದು ಏನು ಬರೆದನೆಂದು ಕೇಳಿದರೆ ಪಂಡಿತರಿಗೆ ಖೇದವಾದೀತು. ತನಗೆ ಅಥೆನ್ಸಿನಲ್ಲಿ ಉತ್ಸಾಹವೇ ಹುಟ್ಟಲಿಲ್ಲವೆಂದ. ಶಾಲೆಯಲ್ಲಿ ಗ್ರೀಕ್ ಕಲಿಸಿದ ಬಗೆಯಿಂದಲೇ ಆ ಭಾಷೆಯ ಮೇಲೆ ಹೇವರಿಕೆ ಬಂದಿತೆಂದ. ಇಳಿದುಕೊಂಡ ಮನೆಯ ತಿಗಣೆಗಳನ್ನೂ ಮರೆಯದೆ ಹೇಳಿದ. ಹಳಗನ್ನಡ ವ್ಯಾಕರಣವನ್ನು ಮೂವತ್ತು ವರ್ಷ ಬೋಧಿಸಿದ ನನಗೆ ಆ ಪುಟ ಓದಿ ಎದೆ ಚುರುಕೆಂದಿತು. ಮುಂದೆ ಹಂಪೆಗೋ ಬೇಲೂರಿಗೋ ಹೋದಾಗ ನನ್ನಿಂದ ಪೆಟ್ಟು ತಿಂದ ಯಾವ ಹುಡುಗ ಹೀಗೆಯೇ ಮುಖ ತಿರುಗಿಸಿದ್ದಾನೋ!

ಥ್ಯಾಕರೆಗೆ ಬಾಗಿಲು ತೆರೆದಿತ್ತು, ಮನಸ್ಸು ತೆರೆದಿರಲಿಲ್ಲ. ಇಪ್ಪತ್ತಮೂರು ವರ್ಷದ ಮೇಲೆ ಬಂದ ಅಮೆರಿಕದ ಮಾರ್ಕ್ ಟ್ವೇನನ ಸ್ಥಿತಿ ಇದಕ್ಕೆ ತಿರುಗುಮುರುಗು. 1867ರ ಜೂನ್ ತಿಂಗಳಲ್ಲಿ ‘ಕ್ವೇಕರ್ ಸಿಟಿ’ ಎಂಬ ಉಗಿಹಡಗು ನ್ಯೂಯಾರ್ಕಿನಿಂದ ಹೊರಟಿತು. ಯುರೋಪು, ಪವಿತ್ರಭೂಮಿ, ಈಜಿಪ್ಟುಗಳನ್ನೆಲ್ಲ ಒಂದೇ ಹಡಗಿನಲ್ಲಿ ನೋಡಿ ಮರಳುವ ಯೋಜನೆ. ತಲೆಗೆ 1250 ಡಾಲರು. ಆಗಸ್ಟಿನಲ್ಲಿ ಪಿರೇಯಸ್ ತಲುಪಿದಾಗ ಅಧಿಕಾರಿಗಳು ತಡೆದರು. ಊರೊಳಗೆ ಸಾಂಕ್ರಾಮಿಕ ರೋಗ ಬಾರದಂತೆ ಹನ್ನೊಂದು ದಿನ ಹಡಗಿನಲ್ಲೇ ಇರಬೇಕೆಂದರು. ಅಷ್ಟು ದಿನ ಕಾಯಲು ಕಪ್ತಾನ ಸಿದ್ಧನಿರಲಿಲ್ಲ. ಬೇಕಾದ ಸಾಮಾನು ತುಂಬಿಕೊಂಡು ಹೊರಡುವುದೆಂದು ತೀರ್ಮಾನವಾಯಿತು. ಹಡಗಿನ ಮೇಲಿಂದ ದುರ್ಬೀನು ಹಿಡಿದರೆ ಪಾರ್ಥೆನಾನಿನ ಕಂಬಗಳು ಕಾಣುತ್ತವೆ, ಹೋಗುವಂತಿಲ್ಲ. ಸಿಕ್ಕಿಬಿದ್ದರೆ ಸೆರೆಮನೆ. ಆದರೂ ರಾತ್ರಿ ಹನ್ನೊಂದರ ಹೊತ್ತಿಗೆ ಟ್ವೇನನೂ ಇನ್ನು ಮೂವರೂ ಸಣ್ಣ ದೋಣಿಯಲ್ಲಿ ಕದ್ದು ದಡ ಸೇರಿದರು. ರಾಜಮಾರ್ಗ ಬಿಟ್ಟು ಹೊಲಗಳಲ್ಲಿ ನಡೆದರು, ದ್ರಾಕ್ಷಿ ಕದ್ದು ಕಾವಲಿನವನಿಂದ ಬೆದರಿಸಿಕೊಂಡರು. ಗುಡ್ಡದ ಬಾಗಿಲಲ್ಲಿ ಪಹರೆಯವರ ಕೈ ಬೆಚ್ಚಗೆ ಮಾಡಿದ್ದನ್ನು ಟ್ವೇನನೇ ಸೂಚಿಸಿದ್ದಾನೆ. ಒಳಗೆ ಹೊಕ್ಕು ಬೆಳುದಿಂಗಳಲ್ಲಿ ಒಡೆದ ವಿಗ್ರಹಗಳ ನಡುವೆ ತಿರುಗಾಡಿ, ಬೆಳಗಾಗುವ ಮುನ್ನ ಹಡಗಿಗೆ ಮರಳಿದರು. ಕಾನೂನು ಮೀರಿದ್ದನ್ನು ನಾನು ಮೆಚ್ಚುವವನಲ್ಲ. ರೋಗದ ತಡೆಯನ್ನು ಮುರಿದದ್ದಂತೂ ತಪ್ಪೇ. ಆದರೆ ಅವನ ಪ್ರವಾಸ ಗ್ರಂಥದಲ್ಲಿ ಲೇವಡಿ ಮರೆತು ಅವನು ಬೆರಗಾದ ಕೆಲವೇ ಸ್ಥಳಗಳಲ್ಲಿ ಅದೊಂದು. ಬಾಗಿಲು ಮುಚ್ಚಿದ್ದ ಊರು ಅವನಿಗೆ ಹೆಚ್ಚು ಕಂಡಿತು.

ಟ್ವೇನ್ ನಡೆದ ದಾರಿಯಲ್ಲಿ ಎರಡೇ ವರ್ಷದಲ್ಲಿ, 1869ರ ಫೆಬ್ರವರಿಯಲ್ಲಿ, ಪಿರೇಯಸ್ಸಿನಿಂದ ಅಥೆನ್ಸಿಗೆ ರೈಲು ಓಡಿತು. 1904ರಲ್ಲಿ ಅದು ವಿದ್ಯುತ್ ರೈಲಾಯಿತು. ಈಗಿನ ಮೆಟ್ರೋವಿನ ಹಸಿರು ಮಾರ್ಗ ಅದೇ. ಇತ್ತ 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್, ಚಳಿಗಾಲದಲ್ಲಿ ಸುಮ್ಮನೆ ನಿಲ್ಲುತ್ತಿದ್ದ ‘ಅಗಸ್ಟಾ ವಿಕ್ಟೋರಿಯಾ’ ಹಡಗನ್ನು 241 ಜನ ಪ್ರಯಾಣಿಕರೊಡನೆ ಮೆಡಿಟರೇನಿಯನ್ ವಿಹಾರಕ್ಕೆ ಕಳುಹಿಸಿದ. ಹಡಗಿನವರೇ ಬಂದರು ಬಂದರಿನಲ್ಲಿ ಗಾಡಿ ಗೊತ್ತುಮಾಡಿ, ಮಾರ್ಗದರ್ಶಿಯನ್ನು ಕೊಟ್ಟು, ಇಷ್ಟು ಗಂಟೆಗೆ ಇಲ್ಲಿ, ಇಷ್ಟು ಗಂಟೆಗೆ ಅಲ್ಲಿ ಎಂದು ಜನರನ್ನು ನಡೆಸುವ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಬಲವಾಯಿತು. ಸುಖಕ್ಕೇನೂ ಕೊರತೆಯಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಮಾತ್ರ ಯಾತ್ರಿಕನ ಕೈಯಲ್ಲಿಲ್ಲ. ನಮ್ಮ ಶಾಲಾ ಪ್ರವಾಸದಂತೆಯೇ: ಮೇಷ್ಟ್ರು ಸೀಟಿ ಊದಿದರೆ ಬಸ್ಸಿಗೆ.

ಆ ಸ್ವಾತಂತ್ರ್ಯವನ್ನು ಸ್ವಲ್ಪ ಮರಳಿ ಕೊಟ್ಟದ್ದು ಇಳಿದು ಹತ್ತುವ ಬಸ್ಸು. ಹಾಪ್ ಆನ್ ಹಾಪ್ ಆಫ್ ಎಂದು ಅದಕ್ಕೆ ಹೆಸರು. ಮೇಲಂತಸ್ತು ತೆರೆದ ಎರಡಂತಸ್ತಿನ ಬಸ್ಸು ಒಂದೇ ದಾರಿಯಲ್ಲಿ ದಿನವೆಲ್ಲ ಸುತ್ತುತ್ತದೆ. ಒಮ್ಮೆ ಟಿಕೆಟ್ಟು ಕೊಂಡರೆ ಅದರ ಅವಧಿ ತೀರುವವರೆಗೆ ಬೇಕಾದ ನಿಲ್ದಾಣದಲ್ಲಿ ಇಳಿದು, ನೋಡಿ, ಹಿಂದಿನಿಂದ ಬರುವ ಬಸ್ಸನ್ನು ಹತ್ತಬಹುದು. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರದಲ್ಲಿ ಹಲವು ಭಾಷೆಗಳ ವಿವರಣೆಯಿರುತ್ತದೆ. ಲಂಡನ್ನಿನಲ್ಲಿ ಹೆಸರಾದ ಈ ಪದ್ಧತಿಯನ್ನು, ಸ್ಪೇನಿನ ಸೆವಿಲ್ ನಗರದಲ್ಲಿ 1999ರಲ್ಲಿ ಕೆಂಪು ಬಸ್ಸುಗಳೊಡನೆ ಮೊದಲಾದ ಕಂಪೆನಿಯೊಂದು ಹಲವು ದೇಶಗಳಿಗೆ ಹರಡಿತು. ಪಿರೇಯಸ್ಸಿನಲ್ಲಿ ವಿಹಾರನೌಕೆಗಳು ನಿಲ್ಲುವ ಕಟ್ಟೆಯ ಬಳಿಯೇ ಇಂಥ ಬಸ್ಸು ಸಿಕ್ಕುತ್ತದೆ. ಬಂದರಿನ ಸುತ್ತು ಬೇರೆ, ಅಥೆನ್ಸಿನ ಸುತ್ತು ಬೇರೆ. ಅಕ್ರೊಪೊಲಿಸ್ಸಿನ ಬಳಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬೇಕು.

ಇಲ್ಲಿಯೇ ಹೊಸಬರು ಲೆಕ್ಕ ತಪ್ಪುವುದು. ಬಸ್ಸು ನಮ್ಮಿಷ್ಟದಂತೆ ನಿಲ್ಲುತ್ತದೆ, ಹಡಗು ನಿಲ್ಲುವುದಿಲ್ಲ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ; ಸ್ವಂತವಾಗಿ ಹೋದವನಿಗಾಗಿ ಕಾಯುವುದಿಲ್ಲ. ಹೊರಡುವ ವೇಳೆ ಬೇರೆ, ಎಲ್ಲರೂ ಒಳಗಿರಬೇಕಾದ ವೇಳೆ ಬೇರೆ. ಎರಡನೆಯದು ಮುಂಚೆಯೇ ಬರುತ್ತದೆ. ಹಡಗಿನ ಗಡಿಯಾರಕ್ಕೂ ದಡದ ಗಡಿಯಾರಕ್ಕೂ ಕೆಲವೊಮ್ಮೆ ವ್ಯತ್ಯಾಸವಿರುವುದುಂಟು. ಮಧ್ಯಾಹ್ನದ ಮೇಲೆ ಮರಳುವವರ ನೂಕುನುಗ್ಗಲಿನಲ್ಲಿ ಮೊದಲ ಬಸ್ಸು ತುಂಬಿ ಹೋದರೆ ಮುಂದಿನದಕ್ಕೆ ಕಾಯಬೇಕು. ಆದುದರಿಂದ ಲೆಕ್ಕವನ್ನು ಹಡಗಿನಿಂದ ಹಿಂದಕ್ಕೆ ಹಾಕಬೇಕು, ಬೆಳಗಿನಿಂದ ಮುಂದಕ್ಕಲ್ಲ. ಅವಸರವಿದ್ದವನಿಗೆ 1869ರ ಆ ರೈಲೇ ಮೇಲೆಂದು ನನ್ನ ಅಭಿಪ್ರಾಯ. ಮೊನಾಸ್ಟಿರಾಕಿ ಎಂಬ ಹಳೆಯ ಪೇಟೆಗೆ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ.

ಅಕ್ರೊಪೊಲಿಸ್ಸಿನ ಬಾಗಿಲು ಈಗ ಮತ್ತೆ ಬಿಗಿಯಾಗಿದೆ. ರೋಗದಿಂದಲ್ಲ, ಜನದಿಂದ. ಒಂದೊಂದು ಹಡಗು ಸಾವಿರಾರು ಮಂದಿಯನ್ನು ಒಮ್ಮೆಗೇ ಇಳಿಸುತ್ತದೆ. ಎಲ್ಲರೂ ಬೆಳಗಿನ ಅದೇ ಹೊತ್ತಿನಲ್ಲಿ ಅದೇ ಮೆಟ್ಟಿಲನ್ನು ಹತ್ತಬೇಕು. 2023ರಲ್ಲಿ ದಿನಕ್ಕೆ 23,000 ಜನರವರೆಗೆ ಬಂದರೆಂದು ಅಲ್ಲಿನ ಸರ್ಕಾರ ಹೇಳಿತು. ಆ ವರ್ಷದ ಸೆಪ್ಟೆಂಬರಿನಿಂದ ದಿನಕ್ಕೆ 20,000 ಎಂಬ ಮಿತಿ ಬಂತು, ಗಂಟೆ ಗಂಟೆಗೆ ಇಷ್ಟೇ ಮಂದಿ ಎಂಬ ಕಟ್ಟಳೆಯೂ ಬಂತು. ಅದೇ ಜುಲೈಯ ಉರಿಬಿಸಿಲಿನಲ್ಲಿ ಮಧ್ಯಾಹ್ನದ ಹೊತ್ತು ಬಾಗಿಲು ಮುಚ್ಚಿದ್ದೂ ಉಂಟು. ಟಿಕೆಟ್ಟಿನ ಮೇಲೆ ಒಳಹೋಗುವ ವೇಳೆ ನಮೂದಾಗಿರುತ್ತದೆ. ಬಸ್ಸಿನ ಸ್ವಾತಂತ್ರ್ಯವನ್ನು ನಂಬಿ ಹೋದವನು ಗುಡ್ಡದ ಕೆಳಗೆ ನಿಂತು ತಲೆಯೆತ್ತಿ ನೋಡಿ ಬರಬೇಕಾದೀತು. ನನ್ನ ಶಿಷ್ಯನಿಗಾದದ್ದೂ ಅದೇ. ಅದನ್ನು ಆಮೇಲೆ ಹೇಳುತ್ತೇನೆ.

ಹಾಗಾದರೆ ಎಲ್ಲಿ ಇಳಿಯಬೇಕು? ಪಟ್ಟಿಯಲ್ಲಿರುವ ಹತ್ತು ಹದಿನೈದು ನಿಲ್ದಾಣಗಳಲ್ಲೂ ಇಳಿಯುವವನು ಬಸ್ಸಿನ ಮೆಟ್ಟಿಲನ್ನಲ್ಲದೆ ಬೇರೇನೂ ನೋಡಿರುವುದಿಲ್ಲ. ಒಂದೇ ಕಡೆ, ಹೆಚ್ಚೆಂದರೆ ಎರಡು ಕಡೆ ಸಾಕು. ಅವುಗಳಲ್ಲಿ ಮೊದಲನೆಯದು, ನನ್ನನ್ನು ಕೇಳಿದರೆ, ಪಾಸೇನಿಯಸ್ ಇಳಿದ ಪಿರೇಯಸ್ಸೇ. ಎಲ್ಲರೂ ಬೆನ್ನು ತಿರುಗಿಸಿ ಹೋಗುವ ಊರು ಅದು. ಹಳೆಯ ಯುದ್ಧನೌಕೆಗಳಿದ್ದ ಜೇಯಾ ರೇವಿನಲ್ಲಿ ಇಂದು ಶ್ರೀಮಂತರ ವಿಹಾರದೋಣಿಗಳಿವೆ. ಅದರ ಸಮೀಪದಲ್ಲಿ ಪಿರೇಯಸ್ಸಿನ ಪುರಾತತ್ವ ವಸ್ತುಸಂಗ್ರಹಾಲಯವಿದೆ.

ಆ ವಸ್ತುಸಂಗ್ರಹಾಲಯದ ವಿಚಾರ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1959ರಲ್ಲಿ ಪಿರೇಯಸ್ಸಿನ ಬೀದಿಯೊಂದರಲ್ಲಿ ನೆಲ ಅಗೆಯುತ್ತಿದ್ದ ಕೆಲಸಗಾರರ ಗುದ್ದಲಿಗೆ ಕಂಚಿನ ಕೈಯೊಂದು ತಗುಲಿತು. ಅಗೆದಂತೆ ಕಂಚಿನ ಮೂರ್ತಿಗಳೇ ಹೊರಬಂದವು: ಆಳೆತ್ತರದ ಅಪೊಲೊ, ಶಿರಸ್ತ್ರಾಣ ತೊಟ್ಟ ಅಥೀನಾ, ಎರಡು ಆರ್ಟೆಮಿಸ್. ಯವನರ ದೊಡ್ಡ ಕಂಚಿನ ವಿಗ್ರಹಗಳು ಉಳಿದಿರುವುದೇ ಅಪರೂಪ, ಹೆಚ್ಚಿನವನ್ನು ಕರಗಿಸಿಬಿಟ್ಟಿದ್ದಾರೆ. ಆ ಅಪೊಲೊ ಅವುಗಳಲ್ಲೂ ಬಹು ಹಳೆಯವನು. ಇವು ಅಲ್ಲಿ ಸಾಲಾಗಿ ಮಲಗಿದ್ದುದೇಕೆ? ವಿದ್ವಾಂಸರ ಊಹೆ ಹೀಗಿದೆ: ಇಲ್ಲಿಂದ ಸಾಗಿಸಲೆಂದು ರೇವಿನ ಉಗ್ರಾಣದಲ್ಲಿ ಇವುಗಳನ್ನು ಒಟ್ಟುಮಾಡಿ ಇಟ್ಟಿದ್ದರು; ಅಷ್ಟರಲ್ಲಿ ಸುಲ್ಲನ ಬೆಂಕಿಯಲ್ಲಿ ಉಗ್ರಾಣ ಕುಸಿದು ಎಲ್ಲವೂ ಮುಚ್ಚಿಹೋಯಿತು. ಊಹೆ ನಿಜವಾದರೆ, ಈ ದೇವತೆಗಳು ಹಡಗು ತಪ್ಪಿಸಿಕೊಂಡ ಪ್ರಯಾಣಿಕರು. ಹತ್ತಿದ್ದರೆ ಯಾವ ಕಡಲ ತಳದಲ್ಲಿರುತ್ತಿದ್ದರೋ, ಯಾವ ಕುಲುಮೆಯಲ್ಲಿ ಕರಗುತ್ತಿದ್ದರೋ ಹೇಳಬಲ್ಲವರಾರು!

ಶಿಷ್ಯನ ಕಥೆ ಬಾಕಿಯಿದೆ. ಒಂದೇ ಒಂದು ಸಲ ಅವನಿಗೆ ಬೆಳಗಿನ ತಿಂಡಿಯ ಕೆಲಸ ಮುಗಿದ ಮೇಲೆ ನಾಲ್ಕು ಗಂಟೆಯ ಬಿಡುವು ದೊರೆಯಿತು. ಬಸ್ಸಿನ ಮೇಲಂತಸ್ತಿನಲ್ಲಿ ಕುಳಿತು ಹೋದ. ಅಕ್ರೊಪೊಲಿಸ್ಸಿನಲ್ಲಿ ಇಳಿದರೆ ಅವನಿಗೆ ಒದಗುವ ವೇಳೆಯ ಟಿಕೆಟ್ಟು ಇಲ್ಲ. ಎದುರಿಗೆ ಫಿಲೊಪಾಪೊಸ್ ಗುಡ್ಡ ಕಂಡಿತು. ಅದಕ್ಕೆ ಟಿಕೆಟ್ಟು ಬೇಕಿಲ್ಲ. ಹತ್ತಿದ. ಒಂದು ಕಡೆ ಪಾರ್ಥೆನಾನ್ ಇಡಿಯಾಗಿ ಕಂಡಿತಂತೆ. ಇನ್ನೊಂದು ಕಡೆ ತಿರುಗಿದರೆ ಕಡಲು, ಬಂದರು, ಬೆಳ್ಳಗೆ ನಿಂತಿದ್ದ ಅವನದೇ ಹಡಗು. “ಅಲ್ಲಿ ಹೋದ ಮೇಲೂ ಹೆಚ್ಚು ಹೊತ್ತು ಹಡಗನ್ನೇ ನೋಡ್ತಾ ಇದ್ದೆ ಮಾಷ್ಟ್ರೇ, ಹೊಗೆ ಬರ್ತದಾ ಅಂತ” ಎಂದ. ನಕ್ಕ. ನಾನು ನಗಲಿಲ್ಲ.

ಅವನು ಬರುವ ಏಪ್ರಿಲಿನಲ್ಲಿ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಹಡಗು ಮತ್ತೆ ಪಿರೇಯಸ್ಸಿಗೆ ಹೋಗುತ್ತದೆ. ಎರಡು ಗಂಟೆಯ ಬಿಡುವಿಗೆ ಅಥೆನ್ಸು ಬೇಡವೆಂದು ಹೇಳಿ, ವಸ್ತುಸಂಗ್ರಹಾಲಯವಿರುವ ಬೀದಿಯ ಹೆಸರನ್ನು ಅವನ ಡೈರಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದೇನೆ: ಹರಿಲಾವು ತ್ರಿಕೂಪಿ. ಕಾಲ್ನಡಿಗೆಯಲ್ಲೇ ಹೋಗಿ ಬರಬಹುದು. ಅಪೊಲೊ ಎರಡು ಕೈಯನ್ನೂ ಮುಂದಕ್ಕೆ ಚಾಚಿ ನಿಂತಿದ್ದಾನೆಂದು ಪುಸ್ತಕದಲ್ಲಿದೆ; ಒಂದರಲ್ಲಿ ಬಿಲ್ಲಿತ್ತಂತೆ. ನೋಡಿ ಬಂದು ಕಾಗದ ಬರೆಯೆಂದು ಹೇಳಿದ್ದೇನೆ.